ಹೊಲಕ್ಕೆ ಹೊಡೆಯುವುದು ಔಷಧಿಯಲ್ಲ

ಕಳೆ ಕೊಲ್ಲುವ ರಾಸಾಯನಿಕಕ್ಕೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜನ ‘ವೀಡ್ ಕಿಲ್ಲರ್’ ಅನ್ನುತ್ತಾರೆ. ಕೊಲ್ಲುವ ಮಾತು ಹೆಸರಲ್ಲೇ ಇದೆ. ನಾವು ಅದನ್ನೇ ‘ಔಷಧಿ’ ಅನ್ನುತ್ತೇವೆ. ಜ್ವರಕ್ಕೂ ಔಷಧಿ, ಹುಲ್ಲಿಗೂ ಔಷಧಿ. ದೊಡ್ಡವರಿಗೆ ವ್ಯತ್ಯಾಸ ಗೊತ್ತು. ನಾಲ್ಕು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು?

ಹೆಸರು ಸರಿಯಿದ್ದರೆ ಸಾಕು ಅಂತಲ್ಲ. 2008ರಲ್ಲಿ ಅಮೆರಿಕದಲ್ಲೇ ಎಂಟು ವರ್ಷದ ಹುಡುಗನೊಬ್ಬ ಗ್ಯಾರೇಜಿನ ಕಿಟಕಿಯಲ್ಲಿದ್ದ ತಂಪು ಪಾನೀಯದ ಬಾಟಲಿ ಎತ್ತಿ ಕುಡಿದ. ಒಳಗಿದ್ದದ್ದು ಪ್ಯಾರಾಕ್ವಾಟ್ ಎಂಬ ಕಳೆನಾಶಕ. ಮನೆ ಸುತ್ತಲಿನ ಕಳೆಗೆ ಅದನ್ನು ಹೊಡೆದಿದ್ದ ಅಣ್ಣನೇ ಬಾಟಲಿಗೆ ಹಾಕಿಟ್ಟಿದ್ದ. ಹದಿನಾರು ದಿನಗಳ ನಂತರ ಹುಡುಗ ಆಸ್ಪತ್ರೆಯಲ್ಲಿ ತೀರಿಕೊಂಡ. ಈ ವಿಷಕ್ಕೆ ಪ್ರತಿವಿಷ ಇಲ್ಲ. ಇಂಥ ಸಾವುಗಳ ಲೆಕ್ಕ ಇಟ್ಟೇ ಅಮೆರಿಕದ ಪರಿಸರ ಸಂಸ್ಥೆ ಇಪಿಎ ನಿಯಮ ಬಿಗಿ ಮಾಡಿತು. ತರಬೇತಿ ಪಡೆದು ಪರವಾನಗಿ ಇರುವವರು ಮಾತ್ರ ಬಳಸಬೇಕು. ಬೇರೆ ಬಾಟಲಿಗೆ ಸುರಿದಿಡಲು ಆಗದಂಥ ಡಬ್ಬಿಯಲ್ಲೇ ಬರಬೇಕು. ಯುರೋಪ್ ಒಕ್ಕೂಟದಲ್ಲಿ 2007ರಿಂದ ಪ್ಯಾರಾಕ್ವಾಟ್ ಬಳಸುವಂತೆಯೇ ಇಲ್ಲ. ಪಕ್ಕದ ಕೇರಳವೂ 2011ರಲ್ಲಿ ನಿಷೇಧಿಸಿತು. ದೂರದ ದೇಶದ ಮಾತು ಬೇಡ ಅನ್ನುವವರು ಕೇರಳದ ಕಡೆಗಾದರೂ ನೋಡಬಹುದಲ್ವಾ?

ಕುಡಿದರಷ್ಟೇ ಅಪಾಯ ಅಂದುಕೊಳ್ಳಬೇಡಿ. ತೂಕಕ್ಕೆ ಹೋಲಿಸಿದರೆ ಮಗು ನಮಗಿಂತ ಜಾಸ್ತಿ ಉಸಿರಾಡುತ್ತದೆ, ಜಾಸ್ತಿ ನೀರು ಕುಡಿಯುತ್ತದೆ. ನೆಲದ ಮೇಲೆ ಅಂಬೆಗಾಲಿಡುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ. ಹೊಲದಿಂದ ಬಂದ ಅಪ್ಪನ ಚಪ್ಪಲಿ, ಅಂಗಿಯ ಜೊತೆ ವಿಷವೂ ಮನೆಗೆ ಬರುತ್ತದೆ. ಹೊಟ್ಟೆಯಲ್ಲಿರುವ ಮಗುವೂ ಇದರಿಂದ ಹೊರತಲ್ಲ. 2024ರ ಆಗಸ್ಟ್‌ನಲ್ಲಿ ಇಪಿಎ ಡಿಸಿಪಿಎ ಎಂಬ ಕಳೆನಾಶಕವನ್ನು ತುರ್ತಾಗಿ ತಡೆಯಿತು. ಬಸುರಿಯ ಮೈ ಸೇರಿದರೆ ಅದು ಮಗುವಿನ ಥೈರಾಯ್ಡ್ ಹಾರ್ಮೋನನ್ನು ಏರುಪೇರು ಮಾಡಬಹುದು ಅನ್ನುವುದೇ ಕಾರಣ. ಅಂಥ ತುರ್ತು ತಡೆ ಸುಮಾರು 40 ವರ್ಷಗಳಲ್ಲಿ ಅದೇ ಮೊದಲು.

ನನಗೆ ತುಂಬ ಹಿಡಿಸಿದ್ದು ಇಲ್ಲಿನ, ಅಂದರೆ ಕ್ಯಾಲಿಫೋರ್ನಿಯಾದ, 2018ರ ನಿಯಮ. ಶಾಲೆ, ಶಿಶುವಿಹಾರಗಳ ಸುತ್ತ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್ ಒಳಗೆ, ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6ರಿಂದ ಸಂಜೆ 6ರ ತನಕ ವಿಮಾನದಿಂದ ಸಿಂಪಡಿಸುವಂತಿಲ್ಲ. ಗಾಳಿಯಲ್ಲಿ ಜಾಸ್ತಿ ಹರಡುವ ಇನ್ನೂ ಕೆಲವು ವಿಧಾನಗಳಿಗೂ ತಡೆ ಇದೆ. ಮಗು ಎಲ್ಲಿ ಕೂತಿದೆ ಅಂತ ನೋಡಿ ಗೆರೆ ಎಳೆದಿದ್ದಾರೆ. ಆದರೆ ಸಂಜೆ ಆ ಮಗು ಹೋಗುವ ಮನೆ ಹೊಲದ ಪಕ್ಕದಲ್ಲೇ ಇದ್ದರೆ? ಆ ಮನೆಗೆ ಈ ಗೆರೆ ಇಲ್ಲ. 2025ರಿಂದ ಸಿಂಪಡಣೆಗೆ ಮುಂಚೆಯೇ ಜನರಿಗೆ ಸೂಚನೆ ಕೊಡುವ ವ್ಯವಸ್ಥೆ ಬಂದಿದೆ. ಆದರೆ ಹಾಗೆ ಸೂಚನೆ ಕೊಡಬೇಕಾದ ರಾಸಾಯನಿಕಗಳ ಪಟ್ಟಿಯಲ್ಲಿ ಗ್ಲೈಫೊಸೇಟ್ ಎಂಬ ಕಳೆನಾಶಕ ಇಲ್ಲ. ಹಾಗಾಗಿ ಇಲ್ಲಿನದೆಲ್ಲ ಸರಿ ಅಂತ ನಾನು ಹೇಳಲಾರೆ.

ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದೇ ಗ್ಲೈಫೊಸೇಟ್ ಮೇಲೆ ಅಧಿಸೂಚನೆ ಹೊರಡಿಸಿತು. ಕೀಟ ನಿಯಂತ್ರಣದ ಪರವಾನಗಿ ಇದ್ದವರನ್ನು ಬಿಟ್ಟು ಬೇರೆ ಯಾರೂ ಬಳಸಬಾರದು ಅಂತ. ಕಾಗದದ ಮೇಲೆ ಇದು ಇಲ್ಲಿಗಿಂತ ಬಿಗಿ. ಆದರೆ ಇದು ಕ್ಯಾನ್ ಯಾರ ಬೆನ್ನ ಮೇಲಿರಬೇಕು ಅಂತ ಹೇಳುತ್ತದೆ. ಪಕ್ಕದ ಅಂಗನವಾಡಿಯ ಅಂಗಳದಲ್ಲಿ ಯಾರು ಆಡುತ್ತಿದ್ದಾರೆ ಅಂತ ಕೇಳುವುದಿಲ್ಲ.

ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಹೊರೆಯಾಗುತ್ತದೆ. ರೈತರ ಈ ಕಷ್ಟ ನನಗೆ ಅರ್ಥವಾಗುತ್ತದೆ. ನಾನು ಕೇಳುವುದು ಇಷ್ಟು. ಹೊಡೆಯುವ ಹಿಂದಿನ ದಿನ ಶಾಲೆಗೆ, ಅಂಗನವಾಡಿಗೆ ಒಂದು ಮಾತು ತಿಳಿಸಿ. ಮಕ್ಕಳು ಮನೆಗೆ ಹೋದ ಮೇಲೆ, ಗಾಳಿ ಇಲ್ಲದ ಹೊತ್ತು ನೋಡಿ ಹೊಡೆಯಿರಿ. ಇದಕ್ಕೆ ಹೊಸ ಕಾಯ್ದೆ ಬರುವ ತನಕ ಕಾಯಬೇಕಿಲ್ಲ. ಮತ್ತೆ, ಮಕ್ಕಳ ಮುಂದೆ ಅದನ್ನು ವಿಷ ಅಂತಲೇ ಕರೆಯಿರಿ.