ವೀಸಾ ಅಲ್ಲ, ಐ-94 ನೋಡಿ

ಅಮೆರಿಕದಲ್ಲಿ ಡ್ರೈವಿಂಗ್ ಲೈಸೆನ್ಸ್‌ಗೆ ‘ಪಾಸ್‌ಪೋರ್ಟ್, ವೀಸಾ ಇದ್ದರೆ ಸಾಕು’ ಎಂದು ಲೇಖನವೊಂದರಲ್ಲಿ ಬರೆದಿರುವುದು ಜನರನ್ನು ದಾರಿ ತಪ್ಪಿಸುತ್ತದೆ. ವೀಸಾ ಇರುವುದು ಒಳಗೆ ಬರಲಿಕ್ಕೆ. ಎಷ್ಟು ದಿನ ಇರಬಹುದು ಎಂದು ಹೇಳುವುದು ಐ-94, ಅಂದರೆ ದೇಶದೊಳಗೆ ಬಂದಾಗ ಮಾಡುವ ಪ್ರವೇಶ ದಾಖಲೆ. ರಿಯಲ್ ಐಡಿ (ಫೆಡರಲ್ ಮಾನದಂಡಕ್ಕೆ ಹೊಂದುವ) ಲೈಸೆನ್ಸ್ ಕೊಡುವಾಗ ಡಿಎಂವಿಯವರು, ಅಂದರೆ ರಾಜ್ಯದ ಲೈಸೆನ್ಸ್ ಕಚೇರಿಯವರು, ವಲಸೆ ಸ್ಥಿತಿ ಪರಿಶೀಲಿಸುವ ಫೆಡರಲ್ ಸರ್ಕಾರದ ‘ಸೇವ್’ ವ್ಯವಸ್ಥೆಯಲ್ಲಿ ನಮ್ಮ ವಿವರ ತಾಳೆ ನೋಡುತ್ತಾರೆ. ನಮ್ಮವರಿಗೆ ಹೆಚ್ಚು ತೊಡಕಾಗುವುದು ಹೆಸರಿನಲ್ಲೇ: ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಬಂದು ಕೂರುತ್ತದೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಸರ್ಕಾರಿ ಕಾರ್ಡಿನಲ್ಲಿ ಹೆಸರು ಬೇರೆ ರೀತಿ ಇದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ದಯವಿಟ್ಟು ಡಿಎಂವಿಗೆ ಹೋಗುವ ಮೊದಲೇ ಸಿಬಿಪಿ (ಅಮೆರಿಕದ ಗಡಿ ಮತ್ತು ಕಸ್ಟಮ್ಸ್ ಇಲಾಖೆ) ವೆಬ್‌ಸೈಟಿನಿಂದ ಐ-94 ಇಳಿಸಿಕೊಂಡು ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ ಒಂದೊಂದಾಗಿ ಹೋಲಿಸಿ ನೋಡಿ. ತಪ್ಪಿದ್ದರೆ ಡಿಎಂವಿ ಅದನ್ನು ತಿದ್ದಲಾರದು, ಪ್ರವೇಶ ದಾಖಲೆಯ ತಪ್ಪು ಸರಿಪಡಿಸುವ ಸಿಬಿಪಿಯ ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯನ್ನೇ ಸಂಪರ್ಕಿಸಬೇಕು.