ಉದ್ರಿ ಲೆಕ್ಕ ತಲೆಯಲ್ಲಿದ್ದರೆ ಸಾಲದು

ನಿನ್ನೆ ಧಾರವಾಡದಲ್ಲಿ ನಮ್ಮ ಅಕ್ಕನ ಖಡಕ್ ರೊಟ್ಟಿ ಕೇಂದ್ರಕ್ಕೆ ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಮನೆಯ ಒಲೆಯ ಮುಂದೆ ಶುರುವಾದ ಕೆಲಸ ಇಂದು ಓಣಿಯ ಹಲವು ಹೆಣ್ಣುಮಕ್ಕಳಿಗೆ ಪಗಾರ ಕೊಡುವಷ್ಟು ಬೆಳೆದಿದೆ. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬೆಂಗಳೂರು, ಪುಣೆಯ ಅಂಗಡಿಗಳಿಗೂ ಹೋಗುತ್ತವೆ. ಯಾವ ಅಂಗಡಿಯಿಂದ ಎಷ್ಟು ಬಾಕಿ ಬರಬೇಕು ಎಂದು ಕೇಳಿದರೆ, "ತಮ್ಮಾ, ಎಲ್ಲಾ ನನ್ನ ತಲ್ಯಾಗ ಐತಿ" ಎಂದಳು. ಮೇಜಿನ ಮೇಲೆ ಕಂಪ್ಯೂಟರ್ ಇದೆ, ಅದರಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯೂ ಇದೆ. ಆದರೆ ಬಿಲ್ಲುಗಳು ಅದರೊಳಗೆ ಹೋಗುವುದು ಜಿಎಸ್‌ಟಿ ರಿಟರ್ನ್ ತುಂಬುವ 20ನೇ ತಾರೀಖು ಹತ್ತಿರ ಬಂದಾಗ ಮಾತ್ರ. ಈ ತಿಂಗಳ ಪಗಾರಕ್ಕಾಗಿ ಅವಳು ಬಳೆಗಳನ್ನು ಅಡವಿಟ್ಟಿದ್ದಾಳೆ. ತನ್ನದೇ ಹಣ ಅಂಗಡಿಕಾರರ ಗಲ್ಲೆಯಲ್ಲಿ ಬಡ್ಡಿಯಿಲ್ಲದೆ ಕೂತಿರುವಾಗ, ಅವಳು ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿದ್ದಾಳೆ. ನಾನು ದನಿ ಏರಿಸಿಯೇ ಮಾತಾಡಿದೆ.

ಕಾನೂನು ಅವಳ ಪರವಾಗಿದೆ ಎಂಬುದೇ ನನ್ನ ಹೊಟ್ಟೆ ಉರಿಸುವ ಸಂಗತಿ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರಿಂದ ಮಾಲು ಪಡೆದವರು ಬರೆದ ಕರಾರು ಇಲ್ಲದಿದ್ದರೆ 15 ದಿನಗಳಲ್ಲಿ, ಕರಾರು ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ ಸೇರುತ್ತದೆ. ಗಡುವು ಮೀರಿದ ಬಾಕಿಯನ್ನು ತೀರಿಸುವವರೆಗೆ ಮಾಲು ಪಡೆದವರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮವೂ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆದರೆ ದಿನಗಳ ಎಣಿಕೆ ಶುರುವಾಗುವುದು ಮಾಲು ಒಪ್ಪಿಕೊಂಡ ದಿನದಿಂದ. ಆ ದಿನಕ್ಕೆ ಸಹಿಯಿರುವ ಒಂದು ಚೀಟಿಯೂ ಇಲ್ಲದವಳು ಇಂಥ ಬಾಕಿಯ ತಕರಾರು ಕೇಳುವ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಏನನ್ನು ಇಟ್ಟು ನ್ಯಾಯ ಕೇಳಬೇಕು? ತಲೆಯೊಳಗಿನ ಲೆಕ್ಕಕ್ಕೆ ಯಾರೂ ಸಹಿ ಹಾಕಿರುವುದಿಲ್ಲ.

ನಮ್ಮ ಕಡೆಯ ವ್ಯಾಪಾರ ನಂಬಿಕೆಯ ಮೇಲೆ ನಡೆದದ್ದು, ಅಜ್ಜಂದಿರ ಕಾಲದಲ್ಲಿ ಯಾವ ಸಾಫ್ಟ್‌ವೇರ್ ಇತ್ತು ಎಂದು ಭಾವನವರು ಕೇಳಿದರು. ಸಾಫ್ಟ್‌ವೇರ್ ಇರಲಿಲ್ಲ, ಲೆಕ್ಕ ಬರೆಯುವ ದಿವಾಣಜಿ ಇದ್ದರು. ಹುಬ್ಬಳ್ಳಿಯ ಹಳೆಯ ಅಡತಿ (ದಲಾಲಿ) ಅಂಗಡಿಗಳಲ್ಲಿ ಕಿರ್ದಿ, ಅಂದರೆ ದಿನದ ಲೆಕ್ಕ ಬರೆದು, ರೋಖ ಶಿಲ್ಕು (ಕೈಯಲ್ಲಿ ಉಳಿದ ನಗದು) ತಾಳೆಯಾದ ಮೇಲೆಯೇ ಬಾಗಿಲು ಹಾಕುತ್ತಿದ್ದರು. ಅಜ್ಜಂದಿರು ನಂಬಿಕೆಯನ್ನೂ ಬರೆದೇ ಇಟ್ಟವರು. ಬರೆಯದೆ ನಡೆಸುವುದು ನಮ್ಮ ಕಾಲದ ರೂಢಿ. ದೀಪಾವಳಿಗೆ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಏರಿಸುವ ನಾವು ಅದರೊಳಗೆ ಬರೆಯುವುದನ್ನು ಬಿಟ್ಟರೆ ಹೇಗೆ?

ಹೊಸ ಆ್ಯಪ್ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮಾಲು ಮುಟ್ಟಿಸಿದ್ದಕ್ಕೆ ಸಹಿ ಪಡೆಯುವ, ಕಾರ್ಬನ್ ಹಾಳೆಯ ಚಲನ್ ಪುಸ್ತಕ ಸಾಕು: ಒಂದು ಪ್ರತಿ ಅಂಗಡಿಗೆ, ತಾರೀಖು ಮತ್ತು ಸಹಿ ಇರುವ ಇನ್ನೊಂದು ಪ್ರತಿ ನಮಗೆ. ಲಾರಿಯಲ್ಲಿ ಹೋಗುವ ಮಾಲಿನ ರಸೀದಿಯೂ ಅದಕ್ಕೆ ಲಗತ್ತಾಗಿರಬೇಕು. ಬಿಲ್ಲನ್ನು ಅದೇ ಸಂಜೆ ಗಡುವಿನ ಸಮೇತ ಟ್ಯಾಲಿಗೆ ಏರಿಸಿದರೆ, ಯಾವ ಬಾಕಿ ಎಷ್ಟು ದಿನದ್ದು ಎಂಬುದನ್ನು ಅದೇ ತೋರಿಸುತ್ತದೆ. ಆಗ ಅಕ್ಕ ಊರಲ್ಲಿ ಇಲ್ಲದ ದಿನವೂ ಬೇರೆಯವರು ಫೋನ್ ಮಾಡಿ ವಸೂಲಿ ಕೇಳಬಹುದು. ಅಕ್ಕನ ಸೊಸೆ ಬಿ.ಕಾಂ. ಓದಿದವಳು, ಇಷ್ಟು ದಿನ ಅವಳಿಗೆ ಪ್ಯಾಕಿಂಗ್ ಕೆಲಸವನ್ನಷ್ಟೇ ಕೊಟ್ಟಿದ್ದರು. ಚಲನ್ ಪುಸ್ತಕವನ್ನು ಅವಳ ಕೈಗೇ ಕೊಟ್ಟು ಬಂದಿದ್ದೇನೆ.