ಹಡಗು ನಿಂತ ದಿನ ರಜೆ ಅಲ್ಲ

ಇವತ್ತು ಬೆಳಿಗ್ಗೆ ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮಾಹಿತಿ ಸಭೆ ಇತ್ತು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗರಿಗೆ ಕ್ರೂಸ್ ಹಡಗಿನಲ್ಲಿ ಕೆಲಸ ಕೊಡಿಸ್ತೀವಿ ಅನ್ನೋ ಸಭೆ. ಶ್ರೀರಂಗಪಟ್ಟಣದ ಕಡೆಯಿಂದ ಮಗನ್ನ ಕರ್ಕೊಂಡು ಬಂದಿದ್ದ ಒಬ್ಬ ತಾಯಿ ಎದ್ದು ನಿಂತು, "ಸಾರ್, ವಾರಕ್ಕೆ ರಜಾ ಯಾವತ್ತು ಕೊಡ್ತಾರೆ?" ಅಂತ ಕೇಳಿದ್ರು. ವೇದಿಕೆ ಮೇಲಿದ್ದವರು ನಗ್ತಾ, "ಅಮ್ಮಾ, ಹಡಗು ಬಂದರಲ್ಲಿ ನಿಂತ ದಿನವೆಲ್ಲ ರಜಾನೇ. ಇಳಿದು ಊರು ಸುತ್ತೋದು, ಫೋಟೋ ತೆಗೆಯೋದು" ಅಂದುಬಿಟ್ರು. ಆ ತಾಯಿ ಸಮಾಧಾನವಾಗಿ ಕೂತ್ಕೊಂಡ್ರು. ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಹಡಗು ನಡುಬಂದರುಗಳಲ್ಲಿ ನಿಂತಾಗ ಆ ಹೊತ್ತಲ್ಲಿ ಪಾಳಿ ಇಲ್ಲದವರಿಗೆ ಎರಡು ಮೂರು ಗಂಟೆ ಬಿಡುವು ಸಿಗೋದು ನಿಜ. ಅದೂ ಎಲ್ಲರಿಗೂ ಅಲ್ಲ. ಬಂದರಿನಲ್ಲಿದ್ದಾಗಲೂ ತುರ್ತುಸ್ಥಿತಿಗೆ ಅಂತ ಇಂತಿಷ್ಟು ಜನ ಹಡಗಲ್ಲೇ ಇರಬೇಕು, ಅದನ್ನ ಇನ್-ಪೋರ್ಟ್ ಮ್ಯಾನಿಂಗ್ ಅಂತಾರೆ, ಸರದಿ ಬಂದವರು ಇಳಿಯೋ ಹಾಗಿಲ್ಲ. ಆದ್ರೆ ನಾನು ಹೇಳ್ತಿರೋದು ಇನ್ನೊಂದು ದಿನದ ಮಾತು. ಒಂದು ಪ್ರಯಾಣ ಮುಗಿದು, ಅದೇ ದಿನ ಸಂಜೆ ಮುಂದಿನ ಪ್ರಯಾಣ ಶುರುವಾಗೋ ದಿನ. ಹಡಗಿನವರ ಬಾಯಲ್ಲಿ ಟರ್ನ್‌ಅರೌಂಡ್ ಡೇ. ಏಳು ದಿನದ ಪ್ರಯಾಣ ಮಾಡೋ ಹಡಗಿನಲ್ಲಿ ಇದು ವಾರಕ್ಕೊಂದು ಸಲ, ಮೂರು ನಾಲ್ಕು ದಿನದ್ದಾದ್ರೆ ವಾರಕ್ಕೆರಡು ಸಲ. ಹಡಗು ಹಗ್ಗ ಕಟ್ಕೊಂಡು ಅಲುಗಾಡದೆ ನಿಂತಿರುತ್ತೆ, ಒಳಗಿನವರಿಗೆ ಅದರಷ್ಟು ಕಷ್ಟದ ದಿನ ಇನ್ನೊಂದಿಲ್ಲ. ಈ ದಿನದ ಬಗ್ಗೆ ಎರಡೂವರೆ ಗಂಟೆಯ ಸಭೆಯಲ್ಲಿ ಒಂದೇ ಒಂದು ಮಾತು ಬರಲಿಲ್ಲ.

ನಮ್ಮ ಕಡೆಯವರಿಗೆ ಅರ್ಥವಾಗೋ ಹಾಗೆ ಹೇಳೋದಾದ್ರೆ, ಲಗ್ನದ ಕಾಲದಲ್ಲಿ ಮಂಡ್ಯದ ಯಾವುದಾದ್ರೂ ಛತ್ರ ನೆನಪಿಸ್ಕೊಳ್ಳಿ. ಮಧ್ಯಾಹ್ನ ಮೂರಕ್ಕೆ ಒಂದು ಮದುವೆಯವರು ಖಾಲಿ ಮಾಡ್ತಾರೆ, ಐದಕ್ಕೆ ಮುಂದಿನವರು ವರಪೂಜೆಗೆ ಬರ್ತಾರೆ. ನಡುವಿನ ಎರಡು ಗಂಟೆಯಲ್ಲಿ ಗುಡಿಸೋರು, ಪಾತ್ರೆಯವರು, ಹೂವಿನವರು, ಮುಂದಿನ ಅಡುಗೆ ಭಟ್ಟರು ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ತಾರಲ್ಲ, ಅದೇ ಇದು. ಆದ್ರೆ ಛತ್ರದಲ್ಲಿ ಇರೋದು ಹತ್ತಿಪ್ಪತ್ತು ಕೋಣೆ. ಮೂರು ಸಾವಿರ ಪ್ರಯಾಣಿಕರ ಹಡಗಿನಲ್ಲಿ ಸುಮಾರು 1,500 ಕೋಣೆ, ಪ್ರತಿಯೊಂದರಲ್ಲೂ ಜನ ಒಂದು ವಾರ ಮಲಗಿ, ತಿಂದು, ಸ್ನಾನ ಮಾಡಿರ್ತಾರೆ. ಇನ್ನು 2024ರಿಂದ ಪ್ರಯಾಣಿಕರನ್ನ ಹೊತ್ತು ಓಡಾಡ್ತಿರೋ ಐಕಾನ್ ಆಫ್ ದಿ ಸೀಸ್‌ನಂಥ ಹಡಗಿನಲ್ಲಿ ಕೋಣೆಗಿಬ್ಬರಂತೆ ಲೆಕ್ಕ ಹಾಕಿದ್ರೇ 5,610 ಜನ.

ಕೆಲಸ ಶುರುವಾಗೋದು ಹಿಂದಿನ ರಾತ್ರಿ. ಪ್ರಯಾಣಿಕರು ಬಣ್ಣದ ಚೀಟಿ ಕಟ್ಟಿದ ಸೂಟ್‌ಕೇಸ್‌ಗಳನ್ನ ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ ಬಾಗಿಲ ಹೊರಗಿಡ್ತಾರೆ. ಅವನ್ನೆಲ್ಲ ಎತ್ತಿ, ಸರ್ವಿಸ್ ಲಿಫ್ಟಲ್ಲಿ ಕೆಳಗಿಳಿಸಿ, ಬಣ್ಣದ ಪ್ರಕಾರ ಕಬ್ಬಿಣದ ಗಾಲಿಪಂಜರಗಳಿಗೆ ತುಂಬಬೇಕು. ಎತ್ತೋರು ಬೇರೆ ಯಾರೋ ಕೂಲಿಯವರಲ್ಲ, ಹಗಲೆಲ್ಲ ಕೋಣೆ ಚೊಕ್ಕ ಮಾಡಿದ ಹುಡುಗರೇ. ಅಮೆರಿಕದ ಕಂಪನಿಗಳ ಹಡಗಿನಲ್ಲಿ ಉದ್ದಕ್ಕೂ ಹಾದುಹೋಗೋ ಸಿಬ್ಬಂದಿಯ ದಾರಿಯನ್ನ ಐ-95 ಅಂತಾರೆ, ಅಲ್ಲಿನ ಹೆದ್ದಾರಿಯ ಹೆಸರು. ಆ ರಾತ್ರಿ ಅದರಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮುಗಿಯೋ ಹೊತ್ತಿಗೆ ಹನ್ನೆರಡು. ಬೆಳಿಗ್ಗೆ ಆರಕ್ಕೆ ಮತ್ತೆ ಕೆಲಸ.

ಈಗ ಗಡಿಯಾರ ನೋಡಿ. ಕೊನೆಯ ಪ್ರಯಾಣಿಕ ಕೋಣೆ ಬಿಡೋದು ಒಂಬತ್ತಕ್ಕೆ. ಹೊಸಬರಿಗೆ ಕೋಣೆ ತೆರೆಯೋದು ಒಂದೂವರೆಗೆ. ನಾಲ್ಕೂವರೆ ಗಂಟೆ ಅಂದ್ರೆ 270 ನಿಮಿಷ. ಒಬ್ಬನ ಪಾಲಿಗೆ 18 ಕೋಣೆ ಅಂತಿಟ್ಕೊಂಡ್ರೆ ಕೋಣೆಗೆ 15 ನಿಮಿಷ. ಸಹಾಯಕ ಇದ್ರೆ ಸ್ವಲ್ಪ ಉಸಿರಾಡಬಹುದು, ಎಲ್ಲ ಕಡೆ ಸಹಾಯಕ ಇರಲ್ಲ.

ಆ 15 ನಿಮಿಷದಲ್ಲಿ ಏನೇನು ಮಾಡಬೇಕು ಅಂತ ಸಭೆಯಲ್ಲಿದ್ದ ಒಬ್ಬ ಹುಡುಗನಿಗೂ ಗೊತ್ತಿರಲಿಲ್ಲ. ಗೊತ್ತಾಗೋ ಹಾಗೆ ಯಾರೂ ಹೇಳಲಿಲ್ಲ. ಮೊದಲು ಹುಡುಕಾಟ: ತಿಜೋರಿ, ಡ್ರಾಯರ್, ಹಾಸಿಗೆ ಕೆಳಗೆ, ತಲೆದಿಂಬಿನ ಪಕ್ಕದ ಚಾರ್ಜರ್ ಪ್ಲಗ್, ಬಚ್ಚಲ ಬಾಗಿಲ ಹಿಂದಿನ ಕೊಕ್ಕೆ. ಜನ ಬಿಟ್ಟುಹೋಗೋದು ಇಲ್ಲೇ. ಆಮೇಲೆ ಬಚ್ಚಲಿಗೆ ಹೋಗಿ ಸೋಂಕುನಾಶಕ ಸಿಂಪಡಿಸಿ ಬಿಟ್ಟುಬರಬೇಕು. ಸಿಂಪಡಿಸಿದ ಕೂಡಲೇ ಒರೆಸಿದ್ರೆ ಅದು ಬರೀ ಒದ್ದೆ ಬಟ್ಟೆ ಸವರಿದ ಹಾಗೆ, ಡಬ್ಬಿ ಮೇಲೆ ಬರೆದಿರೋ ನಿಮಿಷದಷ್ಟು ಹೊತ್ತು ಮೇಲ್ಮೈ ಒದ್ದೆಯಾಗೇ ಇರಬೇಕು. ಆ ಹೊತ್ತಲ್ಲಿ ಹಾಸಿಗೆ ಬಿಚ್ಚೋದು. ರಕ್ತ, ವಾಂತಿ ತಗುಲಿದ ಬಟ್ಟೆ ಬೇರೆ ಚೀಲಕ್ಕೆ, ಉಳಿದದ್ದು ಲಾಂಡ್ರಿಗೆ. ಆಮೇಲೆ ಬಚ್ಚಲು, ಮೇಲಿಂದ ಕೆಳಕ್ಕೆ, ಟಾಯ್ಲೆಟ್ ಕೊನೆಗೆ, ಅದಕ್ಕೆ ಬೇರೆಯದೇ ಬಣ್ಣದ ಬಟ್ಟೆ. ಕುಡಿಯೋ ಲೋಟ ಬಚ್ಚಲ ಸಿಂಕಲ್ಲಿ ತೊಳೆಯೋ ಹಾಗಿಲ್ಲ, ಡಿಶ್‌ವಾಷರ್‌ಗೇ ಹೋಗಬೇಕು. ಟಿವಿ ರಿಮೋಟ್, ಸ್ವಿಚ್ಚು, ಬಾಗಿಲ ಹಿಡಿ, ಫೋನು ಒಂದೊಂದಾಗಿ ಒರೆಸಬೇಕು. ಹೊಟ್ಟೆಯ ಸೋಂಕು ಹರಡೋದು ಇವುಗಳಿಂದ, ಹೊಳೆಯೋ ಕನ್ನಡಿಯಿಂದಲ್ಲ.

ಇನ್ನೂ ಮುಗಿದಿಲ್ಲ. ಹೊಸ ಪಟ್ಟಿ ನೋಡಬೇಕು. ಹಿಂದಿನವರು ಗಂಡ ಹೆಂಡತಿ, ಎರಡು ಮಂಚ ಸೇರಿಸಿತ್ತು. ಬರ್ತಿರೋರು ಇಬ್ಬರು ಸ್ನೇಹಿತೆಯರು, ಬಿಡಿಸಬೇಕು. ಮೂರನೆಯವರಿದ್ರೆ ಗೋಡೆಗೆ ಮಡಚಿರೋ ಮೇಲ್ಮಂಚ ಇಳಿಸಿ, ಏಣಿ ತಂದು ಸಿಕ್ಕಿಸಬೇಕು. ಲೈಫ್ ಜಾಕೆಟ್ ಕೋಣೆಯಲ್ಲೇ ಇಡೋ ಹಡಗಾದ್ರೆ ಎಣಿಸಬೇಕು, ಮಗು ಇದ್ರೆ ಮಗುವಿನ ಅಳತೆಯದ್ದು ಇದೆಯಾ ನೋಡಬೇಕು. ಅವಸರದಲ್ಲಿ ತಪ್ಪಿಹೋಗೋದು ಇದೇ, ತಪ್ಪಬಾರದ್ದೂ ಇದೇ. ಕೊನೆಗೆ ವ್ಯಾಕ್ಯೂಮ್. ಅಷ್ಟಾದ ಮೇಲೆ ಮೇಲ್ವಿಚಾರಕ ಬಂದು ಬೆರಳಾಡಿಸಿ ನೋಡ್ತಾನೆ.

ಎಲ್ಲ ಸರಿಯಿದ್ದಾಗ ಇಷ್ಟು. ಎಲ್ಲ ಸರಿಯಿರೋ ದಿನ ಬಹಳ ಕಡಿಮೆ. ಕೊಳೆ ಬಟ್ಟೆಯ ಗಾಡಿ, ಸೂಟ್‌ಕೇಸ್ ಪಂಜರ, ದಿನಸಿಯ ಪ್ಯಾಲೆಟ್ ಮೂರಕ್ಕೂ ಅದೇ ಲಿಫ್ಟುಗಳು, ಒಂದು ಕೆಟ್ಟರೆ ಆ ಕಡೆಯ ಕೆಲಸ ಪೂರಾ ನಿಲ್ಲುತ್ತೆ. ಹಡಗಿನ ಟಾಯ್ಲೆಟ್ ಗಾಳಿಯ ಒತ್ತಡದಿಂದ ಎಳ್ಕೊಳ್ಳೋದು, ಯಾರೋ ಒಬ್ಬರು ಒದ್ದೆ ವೈಪ್ಸ್ ಹಾಕಿ ಫ್ಲಶ್ ಮಾಡಿದ್ರೆ ಆ ಸಾಲಿನ ಕೋಣೆಗಳಿಗೆಲ್ಲ ತೊಂದರೆ. ಚಳಿಗಾಲದಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಂಥ ಬಂದರಿಗೆ ಮಂಜು ಕವಿದು ಕಾಲುವೆ ಮುಚ್ಚಿದ್ರೆ ಹಡಗು ಒಳಗೆ ಬರೋದೇ ಗಂಟೆಗಟ್ಟಲೆ ತಡ. ಹೊರಡೋ ಹೊತ್ತನ್ನ ತುಸು ಮುಂದಕ್ಕೆ ಹಾಕಬಹುದು, ಆದ್ರೆ ಮುಂದಿನ ಬಂದರಿನಲ್ಲಿ ಜಾಗ ಕಾದಿರಿಸಿದ ಸಮಯ ಬದಲಾಗಲ್ಲ. ಆಗ ಆ 15 ನಿಮಿಷ 10 ಆಗುತ್ತೆ. ಕೋಣೆ ಚಿಕ್ಕದಾಗಲ್ಲ.

ಅತ್ತ ಕೆಳಗೆ, ಹಡಗಿನ ಪಕ್ಕದ ಬಾಗಿಲು ತೆಗೆದು ಫೋರ್ಕ್‌ಲಿಫ್ಟ್‌ನಲ್ಲಿ ವಾರದ ದಿನಸಿ ತುಂಬ್ತಿರ್ತಾರೆ. ಬಂಡೀಪಾಳ್ಯದ ಸಗಟು ಮಾರುಕಟ್ಟೆ ಯಾರ್ಡಿಗೆ ಬೆಳಗಿನ ಜಾವ ಹೋದವರಿಗೆ ಆ ಗದ್ದಲ ಗೊತ್ತು. ವ್ಯತ್ಯಾಸ ಏನಂದ್ರೆ, ಇಲ್ಲಿ ಕೊತ್ತಂಬರಿ ಮರೆತ್ರೆ ಮೂಲೆ ಅಂಗಡಿಗೆ ಓಡಬಹುದು, ಸಮುದ್ರದ ನಡುವೆ ಓಡೋಕೆ ಅಂಗಡಿ ಇಲ್ಲ. ಲಾರಿಯಿಂದ ಇಳಿದ ಹಾಲು, ಮಾಂಸಕ್ಕೆ ಥರ್ಮಾಮೀಟರ್ ಚುಚ್ಚಿ ನೋಡ್ತಾರೆ. ತಣ್ಣಗಿರಬೇಕಾದ್ದು 5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು, ಫ್ರೀಜರಿನದು ಮೈನಸ್ 18. ಇಲ್ಲದಿದ್ರೆ ವಾಪಸ್ಸು. ರಟ್ಟಿನ ಡಬ್ಬ ಅಡುಗೆಮನೆಯೊಳಗೆ ಹೋಗಬಾರದು, ಅದರ ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಬರುತ್ತೆ. ಅಡುಗೆಮನೆಯಲ್ಲಿ ಮೂರು ಬಕೆಟ್ಟಿನ ಪದ್ಧತಿ: ಕೆಂಪಲ್ಲಿ ಸೋಪು, ಬೂದುಬಣ್ಣದ್ದರಲ್ಲಿ ಬರೀ ನೀರು, ಬಿಳಿಯದರಲ್ಲಿ ಸೋಂಕುನಾಶಕ. ಒಂದಕ್ಕೊಂದು ಅದಲುಬದಲಾದ್ರೆ ತಪ್ಪು. ಅಮೆರಿಕದ ಬಂದರಿಗೆ ಬರೋ ಹಡಗುಗಳಿಗೆ ಅಲ್ಲಿನ ರೋಗ ನಿಯಂತ್ರಣದ ಸಿಡಿಸಿ ಇಲಾಖೆಯವರು ಹೇಳದೆ ಕೇಳದೆ ತಪಾಸಣೆಗೆ ಬರ್ತಾರೆ. ನೂರಕ್ಕೆ 86 ಬಂದ್ರೆ ಪಾಸು, 85 ಬಂದ್ರೆ ಫೇಲು. ಅವರು ಹತ್ತೋದು ಬಹಳ ಸಲ ಇದೇ ದಿನ, ಎಲ್ಲ ಕೈಗಳೂ ತುಂಬಿರೋ ಹೊತ್ತಲ್ಲಿ. ಇದರ ಜೊತೆಗೇ ಇನ್ನೊಂದು ಪಕ್ಕಕ್ಕೆ ಎಣ್ಣೆಯ ದೋಣಿ ಬಂದು ಬಂಕರಿಂಗ್, ಅಂದ್ರೆ ಹಡಗಿಗೆ ಇಂಧನ ತುಂಬೋದು, ನಡೀತಿರುತ್ತೆ, ವಾರದ ಗಾಜು, ತಗಡು, ರಟ್ಟು ಪುಡಿಮಾಡಿ ಕಟ್ಟಿ ಇಳಿಸ್ತಿರ್ತಾರೆ.

ಇದನ್ನೆಲ್ಲ ಕಣ್ಣಾರೆ ನೋಡೋ ಪ್ರಯಾಣಿಕರು ಒಂದಿಷ್ಟು ಜನ ಇರ್ತಾರೆ. ಒಂದರ ಬೆನ್ನಿಗೆ ಇನ್ನೊಂದು ಪ್ರಯಾಣ ಬುಕ್ ಮಾಡಿರೋ ಬ್ಯಾಕ್-ಟು-ಬ್ಯಾಕ್ ಪ್ರಯಾಣಿಕರು. ಅಮೆರಿಕದ ಬಂದರಲ್ಲಿ ಹಳೆಯ ಪ್ರಯಾಣಿಕರ ಲೆಕ್ಕ ಸೊನ್ನೆಗೆ ಇಳಿಯೋವರೆಗೆ ಹೊಸಬರನ್ನ ಹತ್ತಿಸೋ ಹಾಗಿಲ್ಲ. ಅದಕ್ಕೆ ಇವರನ್ನ ಒಂದು ಲೌಂಜಿನಲ್ಲಿ ಸೇರಿಸಿ, ಕೆಳಗಿಳಿಸಿ, ಇಮಿಗ್ರೇಷನ್ ಮುಗಿಸಿ, ಮತ್ತೆ ಹತ್ತಿಸ್ತಾರೆ. ಒಬ್ಬರು ತಡವಾಗಿ ಎದ್ದು ಕೋಣೆಯಲ್ಲೇ ಕೂತಿದ್ರೂ ಕೆಳಗೆ ಸಾವಿರಾರು ಜನರ ಸಾಲು ನಿಂತೇ ಇರುತ್ತೆ. ಇವರಿಗೆ ಕೋಣೆ ಬದಲಾಗಿದ್ರೆ ಹ್ಯಾಂಗರಿನ ಬಟ್ಟೆ ಹಾಗೇ ಎತ್ತಿ ಹೊಸ ಕೋಣೆಗೆ ಸಾಗಿಸೋದೂ ಅದೇ ಹುಡುಗನ ಕೆಲಸ. ನೀವು ಹೀಗೆ ಪ್ರಯಾಣ ಮಾಡೋರಾದ್ರೆ ಒಂದು ವಿನಂತಿ: ತಿಜೋರಿ ಖಾಲಿ ಮಾಡಿ ಬಾಗಿಲು ತೆಗೆದಿಡಿ, ಡ್ರಾಯರಿನದ್ದೆಲ್ಲ ಚೀಲಕ್ಕೆ ಹಾಕಿಡಿ, ಕರೆದ ಹೊತ್ತಿಗೆ ಲೌಂಜಿಗೆ ಬನ್ನಿ.

ಒಂದೂವರೆ ಆಯ್ತು, ಕೋಣೆ ಮುಗೀತು, ಇನ್ನು ಹುಡುಗ ಮಲಗಬಹುದು ಅಂತೀರಾ? ಮಸ್ಟರ್ ಡ್ರಿಲ್ ಇದೆ, ಅಪಾಯ ಬಂದ್ರೆ ಪ್ರಯಾಣಿಕರೆಲ್ಲ ಎಲ್ಲಿ ಸೇರಬೇಕು ಅಂತ ಕಲಿಸೋ ತಾಲೀಮು. 2012ರ ಜನವರಿ 13ರ ರಾತ್ರಿ ಇಟಲಿ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆ ಹತ್ತಿದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ, ಆಗಿನ ನಿಯಮದಲ್ಲಿ 24 ಗಂಟೆ ಅವಕಾಶ ಇತ್ತು. ಈಗ ಹೊರಡೋ ಮುಂಚೆ ಅಥವಾ ಹೊರಟ ತಕ್ಷಣವೇ ಆಗಬೇಕು, 2015ರ ಜನವರಿ 1ರಿಂದ ಇದು ಕಡ್ಡಾಯ. ಅದು ಆಗಲೇಬೇಕಾದ ಕೆಲಸ, ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಕೂಗೋ ಸೈರನ್ ಕೇಳಿದಾಗ ದಾರಿ ತೋರಿಸೋದು ಇದೇ ಹುಡುಗರು. ಬೆಳಿಗ್ಗೆ ಆರಕ್ಕೆ ಎದ್ದವರು.

ನನ್ನ ಸಿಟ್ಟಿನ ಬುಡ ಇಲ್ಲೇ ಇರೋದು. ನಾವಿಕರ ಕೆಲಸಕ್ಕೆ (ಕೋಣೆ ಹುಡುಗರೂ ಇದರಲ್ಲಿ ನಾವಿಕರೇ) ಅಂತಾರಾಷ್ಟ್ರೀಯ ಕಾನೂನಿದೆ, ಮಾರಿಟೈಮ್ ಲೇಬರ್ ಕನ್ವೆನ್ಷನ್ 2006. ಭಾರತ ಒಪ್ಪಿದ್ದು 2015ರಲ್ಲಿ. ವಿಶ್ರಾಂತಿಯ ಲೆಕ್ಕದಲ್ಲಿ ಹೇಳೋದಾದ್ರೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ ಕನಿಷ್ಠ 77 ಗಂಟೆ. ಆ ಹತ್ತನ್ನ ಎರಡಕ್ಕಿಂತ ಹೆಚ್ಚು ತುಂಡು ಮಾಡೋ ಹಾಗಿಲ್ಲ, ಒಂದು ತುಂಡು ಆರು ಗಂಟೆಯಾದ್ರೂ ಇರಬೇಕು. ರಾತ್ರಿ ಹನ್ನೆರಡರಿಂದ ಆರು, ಆ ಆರು ಗಂಟೆ ಹೋಯ್ತು. ಉಳಿದ ನಾಲ್ಕು ಗಂಟೆ ಹಗಲಲ್ಲಿ ಒಂದೇ ತುಂಡಾಗಿ ಸಿಗಬೇಕು. ಎಲ್ಲಿಂದ ಬರುತ್ತೆ? ಡ್ರಿಲ್ಲು, ಹೊಸ ಸೂಟ್‌ಕೇಸ್‌ಗಳನ್ನ ಬಾಗಿಲಿಗೆ ಹಂಚೋದು, ಸಂಜೆ ಮತ್ತೆ ಕೋಣೆಯ ಸೇವೆ, ಇವುಗಳ ನಡುವೆ ಚೂರುಚೂರಾಗಿ ಹೋಗುತ್ತೆ. ತಿಂಗಳ ಕೊನೆಗೆ ವಿಶ್ರಾಂತಿಯ ದಾಖಲೆಗೆ ಸಹಿ ಹಾಕಿಸ್ಕೊಳ್ತಾರೆ. ಓದದೆ ಸಹಿ ಹಾಕಿದ್ರೆ ಇಲ್ಲದ ನಿದ್ದೆಯೂ ಕಾಗದದಲ್ಲಿ ನಿದ್ದೆಯಾಗುತ್ತೆ. ಆ ದಾಖಲೆಯ ಒಂದು ಪ್ರತಿ ಪಡೆಯೋ ಹಕ್ಕು ನಾವಿಕನಿಗಿದೆ. ಇದನ್ನ ಹೇಳೋಕೆ ಎರಡು ನಿಮಿಷ ಸಾಕು. ಇವತ್ತು ಹೇಳಲಿಲ್ಲ.

"ನಮ್ಮ ಹುಡುಗರು ಗಟ್ಟಿಗರು, ಆಲೆಮನೆಯಲ್ಲಿ ರಾತ್ರಿಯೆಲ್ಲ ಗಾಣದ ಮುಂದೆ ನಿಂತವರು, ಇದೇನು ಮಹಾ" ಅಂತ ಹೊರಗೆ ಒಬ್ಬರು ಹಿರಿಯರು ಅಂದ್ರು. ಗಟ್ಟಿಗರೇ, ಒಪ್ಪಿದೆ. ಆದ್ರೆ ಬೆಲ್ಲ ಇಳಿಸಿದ ಮಾರನೇ ದಿನ ಆಲೆಮನೆಯವರು ಹೊಂಗೆ ಮರದ ಕೆಳಗೆ ಮಲಗ್ತಾರೆ. ಹಡಗಿನಲ್ಲಿ ಮಾರನೇ ದಿನ ಮತ್ತೆ ಅದೇ 18 ಕೋಣೆ. ಆರರಿಂದ ಒಂಬತ್ತು ತಿಂಗಳ ಕರಾರು, ವಾರದ ರಜೆ ಅನ್ನೋದೇ ಇಲ್ಲ. ದುಡ್ಡು ಬರುತ್ತಲ್ಲ ಅಂದ್ರು. ಬರುತ್ತೆ, ಎಷ್ಟೋ ಮನೆಗಳ ಸಾಲ ಅದರಿಂದಲೇ ತೀರಿದೆ. ದುಡ್ಡು ಬರುತ್ತೆ ಅಂತ ತಾಯಿಗೆ ಸುಳ್ಳು ಹೇಳಬಹುದಾ? ಹುಡುಗ ಹೋಗಬೇಡ ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳೋದೂ ಇಲ್ಲ. ಗೊತ್ತಿದ್ದು ಹೋದವನು ಮೊದಲ ಟರ್ನ್‌ಅರೌಂಡ್ ದಿನ ತಡ್ಕೊಳ್ತಾನೆ. ರಜಾ ಅಂತ ನಂಬಿ ಹೋದವನು ಅವತ್ತೇ ಮುರೀತಾನೆ. ಹಾಗೆ ಮುರಿದವರನ್ನ ನೋಡಿ ನನಗೆ ಸಾಕಾಗಿದೆ.

ಇನ್ನೊಂದು ವಿಷಯಕ್ಕೂ ಅಲ್ಲಿ ಬಾಯಿ ಬಿಡಲಿಲ್ಲ. ಕೆಲಸ ಕೊಡಿಸೋಕೆ ಅಂತ ನಾವಿಕನಿಂದ ಶುಲ್ಕ ತಗೊಳ್ಳೋದನ್ನ ಅದೇ ಕನ್ವೆನ್ಷನ್ ನಿಷೇಧಿಸುತ್ತೆ. ಪಾಸ್‌ಪೋರ್ಟು, ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಪುಸ್ತಕ ಸಿಡಿಸಿ, ಇವುಗಳ ಖರ್ಚು ಹುಡುಗನದ್ದು. ವೀಸಾ ಖರ್ಚು ಹಡಗಿನ ಮಾಲೀಕರದ್ದು. (ಈ ಸಿಡಿಸಿ ಬೇರೆ, ಮೇಲೆ ಹೇಳಿದ ಅಮೆರಿಕದ ಇಲಾಖೆ ಬೇರೆ.) ಏಜೆನ್ಸಿಗೆ ಕೇಂದ್ರ ಸರ್ಕಾರದ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್, ಅಂದ್ರೆ ನಾವಿಕರನ್ನ ಕೆಲಸಕ್ಕೆ ಸೇರಿಸೋ ಪರವಾನಗಿ, ಇರಬೇಕು. ನಂಬರ್ ಕೇಳಿ, ಇಲಾಖೆಯ ವೆಬ್‌ಸೈಟಲ್ಲಿ ಹುಡುಕಿ, ಸಿಗದಿದ್ರೆ ಎದ್ದು ಬನ್ನಿ.

ಸಭೆ ಮುಗಿದ ಮೇಲೆ ಆ ತಾಯಿಯನ್ನ ಹುಡುಕಿದೆ, ಬಸ್ಸಿಗೆ ಹೊತ್ತಾಯ್ತು ಅಂತ ಹೊರಟುಹೋಗಿದ್ರು. ಶ್ರೀರಂಗಪಟ್ಟಣದ ಕಡೆಯ ಸ್ನೇಹಿತರು ಯಾರಾದ್ರೂ ಇದನ್ನ ಅವರಿಗೆ ಮುಟ್ಟಿಸಿ. ಅಕ್ಕಾ, ನೀವು ಕೇಳಿದ್ದಕ್ಕೆ ಉತ್ತರ ಇದು: ವಾರಕ್ಕೆ ರಜೆ ಇಲ್ಲ. ರಜೆ ಬರೋದು ಕರಾರು ಮುಗಿದು ಅವನು ಮನೆಗೆ ಬಂದ ಮೇಲೆ. ಹಡಗು ಪ್ರಯಾಣ ಮುಗಿಸಿ ಬಂದರಿಗೆ ಬಂದು ನಿಂತ ದಿನ ಅವನಿಂದ ಫೋನ್ ಬರಲಿಲ್ಲ ಅಂದ್ರೆ ಗಾಬರಿಯಾಗಬೇಡಿ, ಅವತ್ತು ಅವನಿಗೆ ಊಟಕ್ಕೂ ಪುರುಸೊತ್ತು ಸಿಕ್ಕಿರಲ್ಲ. ಮಾರನೇ ದಿನ ಮಾಡ್ತಾನೆ. ಮಾಡಿದಾಗ ಮೊದಲು ಎಷ್ಟು ಗಂಟೆ ಮಲಗಿದೆ ಅಂತ ಕೇಳಿ.